ಹರಿಗೋಲಿನಿಂದ ಕಡಲಾಚೆಗೆ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹರಿಗೋಲನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು, ಆದರೆ ನೇರ ಹೋಗದೆ ತಿರುಗುತ್ತಲೇ ಸಾಗುತ್ತದೆ. ಮುಂದೆ ತೊಗಲು ಹೋಗಿ ಡಾಂಬರು, ಪ್ಲಾಸ್ಟಿಕ್ ಹಾಳೆ ಬಂದವು. ತುಂಗಭದ್ರೆಯ ಸುಳಿ, ಬಂಡೆ ಬಲ್ಲವನಷ್ಟೇ ಅದಕ್ಕೆ ಹುಟ್ಟು ಹಾಕಬಲ್ಲ.

ವಿದೇಶಿಯರನ್ನು ದಡ ಮುಟ್ಟಿಸುವುದು ಇಲ್ಲಿ ಕಸುಬಾದದ್ದು ಮಾತ್ರ ತೀರ ಈಚೆಗೆ. 1986ರಲ್ಲಿ ಹಂಪಿ ಯುನೆಸ್ಕೊ ಪಟ್ಟಿ ಸೇರಿತು. ಬಂದವರು ಹೊಳೆ ದಾಟಿ ವಿರೂಪಾಪುರ ಗಡ್ಡೆಯಲ್ಲಿ ತಂಗತೊಡಗಿದರು. ಭತ್ತದ ಗದ್ದೆಗಳ ಮಗ್ಗುಲಲ್ಲೇ ಗೆಸ್ಟ್ ಹೌಸ್‌ಗಳು ಎದ್ದವು. 2003ರಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿನ ಬಂಡೆಗಳನ್ನು ಏರಿದ ‘ಪಿಲ್ಗ್ರಿಮೇಜ್’ ಚಿತ್ರ ಬಂದ ಮೇಲಂತೂ ಬಿದ್ದರೆ ಪೆಟ್ಟಾಗದಿರಲೆಂದು ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ಬಂಡೆ ಹತ್ತಲು ಬರುವವರು ಹೆಚ್ಚಿದರು. ಹನುಮನಹಳ್ಳಿ, ಸಾಣಾಪುರ, ಆನೆಗೊಂದಿಯ ಹುಡುಗರಿಗೆ ರೂಮು ನೋಡಿಕೊಳ್ಳುವ, ಅಡುಗೆಯ, ಬೈಕ್ ಬಾಡಿಗೆಯ, ದಾರಿ ತೋರಿಸುವ ಕೆಲಸ ಸಿಕ್ಕಿತು. ಇಂಗ್ಲಿಷನ್ನಷ್ಟೇ ಅಲ್ಲ, ಇಸ್ರೇಲಿನವರ ಹೀಬ್ರೂವನ್ನೂ ಕೆಲವರು ಶಾಲೆಯ ನೆರವಿಲ್ಲದೆ ಬರೀ ಕಿವಿಯಿಂದ ಕಲಿತರು. ಇದು ಸಣ್ಣ ವಿದ್ಯೆಯಲ್ಲ.

2020ರ ಫೆಬ್ರುವರಿಯಲ್ಲಿ ಗಡ್ಡೆಯ ಕಟ್ಟಡಗಳನ್ನು ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಾರ್ಚ್‌ನಲ್ಲಿ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು.

ವಿದೇಶಿಯರ ಜೊತೆಗಿನ ಇಷ್ಟು ವರ್ಷಗಳ ಒಡನಾಟದಲ್ಲಿ ಕೆಲವು ಸ್ನೇಹಗಳು ಮದುವೆಯವರೆಗೂ ಬಂದವು. 2022ರ ನವೆಂಬರ್‌ನಲ್ಲಿ ಹಂಪಿಯಲ್ಲಿ ಸ್ಥಳೀಯ ಯುವಕನೊಬ್ಬ ಯುರೋಪಿನ ಯುವತಿಯ ಕೈ ಹಿಡಿದದ್ದು ರಾಜ್ಯವೆಲ್ಲ ಸುದ್ದಿಯಾಯಿತು. ಅಕ್ಷತೆ ಬಿದ್ದರೆ ಊರಿಗೆ ಸಾಕು, ಕಾನೂನಿಗೆ ಸಾಲದು. 1954ರ ವಿಶೇಷ ವಿವಾಹ ಕಾಯ್ದೆಯಂತೆ ನೋಂದಣಿಗೆ ಅರ್ಜಿ ಕೊಟ್ಟು 30 ದಿನದ ನೋಟಿಸ್ ಅವಧಿ ಕಾಯಬೇಕು. ಇಲ್ಲೇ ಬಾಳಲು ಬಂದ ವಿದೇಶಿ ಸಂಗಾತಿಗೂ ಆ ನೋಂದಣಿಯೇ ಆಧಾರ: ಅದಾಗಿ ಎರಡು ವರ್ಷ ಕಳೆದರೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು, ಕಾರ್ಡ್ ಬಂದರೆ ಕೆಲಸಕ್ಕೂ ಸೇರಬಹುದು.

ಸಂಗಾತಿಯ ದೇಶಕ್ಕೆ ಹೋಗುವವರ ಕಷ್ಟ ಬೇರೆ. ಜರ್ಮನಿಯನ್ನೇ ನೋಡೋಣ. 2007ರ ಆಗಸ್ಟ್‌ನಿಂದ ಅಲ್ಲಿಗೆ ಹೋಗುವ ಗಂಡನೋ ಹೆಂಡತಿಯೋ ವೀಸಾಕ್ಕೂ ಮೊದಲೇ ಜರ್ಮನ್ ಭಾಷೆಯ ಆರಂಭಿಕ ಹಂತವಾದ ಎ1 ಪರೀಕ್ಷೆ ಪಾಸಾಗಬೇಕು. ಬ್ರಿಟನ್ 2010ರ ನವೆಂಬರ್‌ನಲ್ಲಿ ಇಂಗ್ಲಿಷಿಗೆ ಅಂಥದೇ ನಿಯಮ ತಂದಿತು. ಜರ್ಮನ್ ಎ1ಗೆ ಬೇಕಾದದ್ದು ಸುಮಾರು 650 ಪದ. ಕೇಳಿ ಕಲಿತವನಿಗೆ ಮಾತಾಡುವ ಭಾಗ ಹಗುರ. ಫಾರ್ಮ್ ತುಂಬಿ ನಾಲ್ಕು ಸಾಲಿನ ಪತ್ರ ಬರೆಯುವಾಗ ಬೆವರು ಕಿತ್ತುಕೊಳ್ಳುತ್ತದೆ.

ಜರ್ಮನ್ ಪ್ರಜೆಯ ಸಂಗಾತಿಗೆ ಕೆಲಸ ಮಾಡಲು ಬೇರೆ ಪರವಾನಗಿ ಬೇಕಿಲ್ಲ, ವಾಸದ ಪರವಾನಗಿಯೇ ಸಾಕು. ಆದರೂ ಕೆಲಸದ ಹುಡುಕಾಟ ಎಡವುವುದು ಕಾಗದದ ಮೇಲೆಯೇ. ಗಂಗಾವತಿ ರಸ್ತೆಯಲ್ಲಿ ವರ್ಷಗಟ್ಟಲೆ ಆಟೊ, ಕಾರು ಓಡಿಸಿದವನ ಲೈಸೆನ್ಸ್ ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಹೊಸದಾಗಿ ಕೊಡಬೇಕು. ಬರಹದ ಪರೀಕ್ಷೆಯನ್ನು ಜರ್ಮನ್ ಬಿಟ್ಟು 12 ಭಾಷೆಗಳಲ್ಲಿ ಬರೆಯಬಹುದು. ಟರ್ಕಿಷ್ ಇದೆ, ಅರೇಬಿಕ್ ಇದೆ, ಕನ್ನಡವಿಲ್ಲ, ಹಿಂದಿಯೂ ಇಲ್ಲ.

2012ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ಜಾರಿಯಾದ ಕಾಯ್ದೆಯೊಂದು ಬಾಗಿಲನ್ನು ಕೊಂಚ ತೆರೆಯಿತು. ಹೊರದೇಶದಲ್ಲಿ ಪಡೆದ ವೃತ್ತಿ ಶಿಕ್ಷಣವನ್ನು ಅಲ್ಲಿನ ತರಬೇತಿಯ ಜೊತೆ ತೂಗಿ ನೋಡಿ ಎಂದು ಕೇಳುವ ಹಕ್ಕನ್ನು ಅದು ಕೊಟ್ಟಿತು. ಐಟಿಐ ಓದಿದ ಎಲೆಕ್ಟ್ರಿಷಿಯನ್ ತನ್ನ ಪ್ರಮಾಣಪತ್ರವನ್ನು ಮುಂದಿಡಬಹುದು. ಹೊಳೆ ಬಲ್ಲವನು, ಬಂಡೆ ಬಲ್ಲವನು, ಮೂರು ಭಾಷೆಯಲ್ಲಿ ಅತಿಥಿಗಳನ್ನು ಸಂಭಾಳಿಸಿದವನು ಏನನ್ನು ಮುಂದಿಡಬೇಕು? ಅವನ ದುಡಿಮೆಯನ್ನು ಇಲ್ಲಿ ಯಾರೂ ಬರೆದಿಟ್ಟಿರುವುದಿಲ್ಲ. ಹೀಗಾಗಿ ಅನುಭವವಿದ್ದೂ ಅವನು ಹೊಸಬನಂತೆ ಬಾಗಿಲು ಬಡಿಯಬೇಕಾಗುತ್ತದೆ. ಇದು ನ್ಯಾಯವಲ್ಲ, ಮತ್ತು ಇದರಲ್ಲಿ ಅರ್ಧ ತಪ್ಪು ನಮ್ಮ ಕಡೆಯದು.

ಹನುಮನಹಳ್ಳಿ, ಸಾಣಾಪುರದ ಹೋಂಸ್ಟೇ ಮಾಲೀಕರಲ್ಲಿ ಒಂದು ಕೋರಿಕೆ: ನಿಮ್ಮಲ್ಲಿ ದುಡಿದ ಹುಡುಗ ಹುಡುಗಿಯರಿಗೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಏನು ಕೆಲಸ ಮಾಡಿದರು ಎಂದು ನಮೂದಿಸಿ, ಸಹಿ ಮತ್ತು ಮೊಹರಿನೊಂದಿಗೆ ಅನುಭವ ಪತ್ರ ಕೊಡಿ.