ಶೋಕೇಸಿನ ದೋಣಿಗೆ ಮೋಟಾರು: ಭಾರ ಹಾಕಿದರೆ ಮುಳುಗುತ್ತದೆಯೇ?

ಶೋಕೇಸಿನಲ್ಲಿಟ್ಟ ಮರದ ದೋಣಿಗೆ ಮೋಟಾರು, ಬ್ಯಾಟರಿ ಜೋಡಿಸಿ ರಿಮೋಟಿನಿಂದ ಓಡಿಸಬಹುದೇ? ಖಂಡಿತ ಓಡಿಸಬಹುದು. ಆದರೆ ಮೋಟಾರು ಕೂರಿಸಿ ನೇರವಾಗಿ ತೋಟದ ಕೆರೆಗೆ ಬಿಟ್ಟರೆ ಅದು ಮೊದಲ ತಿರುವಿನಲ್ಲೇ ಮಗುಚಬಹುದು. ಆಗ 'ಭಾರ ಜಾಸ್ತಿಯಾಯಿತು' ಎಂದುಕೊಳ್ಳುವುದು ಸಹಜ. ನಿಜವಾದ ಕಾರಣ ಹೆಚ್ಚಾಗಿ ಇದಕ್ಕೆ ವಿರುದ್ಧವಾದದ್ದು: ತಳದಲ್ಲಿ ಸಾಕಷ್ಟು ಭಾರ ಇಲ್ಲದಿರುವುದು.

ಶೋಕೇಸಿನ ದೋಣಿಯ ಕೊರತೆಗಳು

ಕೇರಳದ ಬೇಪೂರಿನಲ್ಲಿ 'ಉರು' ಎಂಬ ದೊಡ್ಡ ಮರದ ಹಡಗುಗಳನ್ನು ಕಟ್ಟುತ್ತಾರೆ. ಅವುಗಳ ಪುಟ್ಟ ಮಾದರಿಗಳು ನೆನಪಿನ ಕಾಣಿಕೆಯಾಗಿಯೂ ಮಾರಾಟವಾಗುತ್ತವೆ. ಇಂಥ ಮಾದರಿ ನೋಡಲು ಹಡಗಿನಂತೆಯೇ ಇರುತ್ತದೆ, ಆದರೆ ನೀರಿಗಾಗಿ ಮಾಡಿದ್ದಲ್ಲ. ಪಟ್ಟಿಗಳನ್ನು ಮಾಮೂಲಿ ಬಿಳಿ ಅಂಟಿನಿಂದ ಕೂಡಿಸಿದ್ದರೆ ನೀರಿನಲ್ಲಿ ಅದು ಮೆತ್ತಗಾಗುತ್ತದೆ. ಕಂಬ, ಹಾಯಿ, ಮೇಲಿನ ಕೋಣೆಗಳ ಭಾರವೆಲ್ಲ ಎತ್ತರದಲ್ಲಿರುತ್ತದೆ. ಕೆಲವು ಮಾದರಿಗಳ ಒಳಗೆ ಟೊಳ್ಳೇ ಇರುವುದಿಲ್ಲ. ಅಂಥದ್ದರ ಒಳಭಾಗ ಕೆತ್ತಿ ತೆಗೆಯಬೇಕು, ಇಲ್ಲವೇ ಬೇರೆ ದೋಣಿ ಹುಡುಕಬೇಕು.

ನಂಬಿಕೆ 1: ದೋಣಿ ಹಗುರ ಇದ್ದಷ್ಟೂ ಒಳ್ಳೆಯದು

ವಾಸ್ತವ: ಪ್ರತಿ ದೋಣಿಗೂ ಇಷ್ಟೇ ಮುಳುಗಬೇಕು ಎಂಬ ಒಂದು ಗೆರೆ ಇದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ ಎಂಬ ಆರ್ಕಿಮಿಡೀಸ್ ತತ್ವವನ್ನು ಶಾಲೆಯಲ್ಲಿ ಓದಿದ್ದೇವೆ. ಅದನ್ನೇ ಇಲ್ಲಿ ಬಳಸಬಹುದು.

ನೀರಿನ ಗೆರೆಯಲ್ಲಿ ದೋಣಿಯ ಉದ್ದ 60 ಸೆಂ.ಮೀ., ಅಗಲ 14 ಸೆಂ.ಮೀ., ಮುಳುಗಬೇಕಾದ ಆಳ 5 ಸೆಂ.ಮೀ. ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 4,200 ಘನ ಸೆಂ.ಮೀ. ದೋಣಿ ಪೆಟ್ಟಿಗೆಯಂತಿರದೆ ಎರಡೂ ತುದಿ ಚೂಪಾಗಿರುವುದರಿಂದ ಅಂದಾಜು ಅರ್ಧ ಹಿಡಿಯೋಣ: 2,100 ಘನ ಸೆಂ.ಮೀ. ಅಷ್ಟು ನೀರಿನ ತೂಕ 2.1 ಕಿ.ಗ್ರಾಂ. ಅಂದರೆ ದೋಣಿಯ ಒಟ್ಟು ತೂಕವೂ ಅಷ್ಟೇ ಇರಬೇಕು.

ಮರದ ಒಡಲು 600 ಗ್ರಾಂ, 6 ವೋಲ್ಟ್ 4.5 ಆಂಪಿಯರ್-ಅವರ್‌ನ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ ಸುಮಾರು 750 ಗ್ರಾಂ, ಮೋಟಾರು ಮತ್ತು ಉಳಿದ ಭಾಗಗಳು 300 ಗ್ರಾಂ ಎಂದರೆ 1,650 ಗ್ರಾಂ ಆಯಿತು. ಉಳಿದ 450 ಗ್ರಾಂ ನಾವೇ ತುಂಬಬೇಕು. ಭಾರವಾದ ಬ್ಯಾಟರಿ ಇಲ್ಲಿ ತೊಂದರೆಯಲ್ಲ, ಉಪಕಾರ.

ಭಾರ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ

1628ರ ಆಗಸ್ಟ್ 10ರಂದು ಸ್ವೀಡನ್ನಿನ 'ವಾಸಾ' ಯುದ್ಧನೌಕೆ ಸ್ಟಾಕ್‌ಹೋಮಿನಿಂದ ಮೊದಲ ಯಾನಕ್ಕೆ ಹೊರಟಿತು. ಒಂದೂವರೆ ಕಿಲೋಮೀಟರ್ ಕೂಡ ಸಾಗಲಿಲ್ಲ. ಗಾಳಿಗೆ ವಾಲಿ, ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಮೇಲ್ಭಾಗ ಭಾರವಾಗಿದ್ದು, ತಳದ ಭಾರ ಅದಕ್ಕೆ ಸಾಲದೆ ಹೋದದ್ದೇ ಕಾರಣ. ಶೋಕೇಸಿನ ದೋಣಿಯ ಸಮಸ್ಯೆಯೂ ಇದೇ.

ಬ್ಯಾಟರಿಯನ್ನು ತಳದ ನಡು ಗೆರೆಯ ಮೇಲೆ, ಆದಷ್ಟು ಕೆಳಗೆ ಕೂರಿಸಿ. ಉಳಿದ ಭಾರಕ್ಕೆ ನಟ್ಟು-ಬೋಲ್ಟುಗಳನ್ನೋ ಬೀಸುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನೋ ಬಳಸಬಹುದು. ಸೀಸ ವಿಷಕಾರಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮನೆಯಲ್ಲಿ ಕರಗಿಸಲೇಬೇಡಿ. ಭಾರ ಅತ್ತಿತ್ತ ಉರುಳದಂತೆ ಭದ್ರಪಡಿಸುವುದು ಕಡ್ಡಾಯ.

ಪರೀಕ್ಷೆ ಸುಲಭ. ದೊಡ್ಡ ಟಬ್ಬಿನಲ್ಲಿ ದೋಣಿಯನ್ನು ತೇಲಿಸಿ, ಬೆರಳಿನಿಂದ 30 ಡಿಗ್ರಿಯಷ್ಟು ವಾಲಿಸಿ ಬಿಡಿ. ತಟ್ಟನೆ ನೇರವಾದರೆ ಸರಿ. ನಿಧಾನವಾಗಿ ತೂಗಾಡಿದರೆ ಮೇಲಿನ ಭಾರ ಇಳಿಸಿ ಅಥವಾ ತಳದ ಭಾರ ಹೆಚ್ಚಿಸಿ.

ನಂಬಿಕೆ 2: ದೊಡ್ಡ ಮೋಟಾರು ಹಾಕಿದರೆ ವೇಗ ಹೆಚ್ಚುತ್ತದೆ

ವಾಸ್ತವ: ನೀರನ್ನು ಸೀಳಿಕೊಂಡು ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಕೊಳ್ಳುತ್ತದೆ. 60 ಸೆಂ.ಮೀ. ದೋಣಿಗೆ ಈ ಮಿತಿ ಸೆಕೆಂಡಿಗೆ ಸುಮಾರು 1 ಮೀಟರ್, ಅಂದರೆ ನಾವು ನಡೆಯುವ ವೇಗ. ಅದಕ್ಕಿಂತ ಹೆಚ್ಚು ಶಕ್ತಿ ಕೊಟ್ಟರೆ ಮೂತಿ ಮೇಲೆದ್ದು, ಹಿಂಭಾಗ ತಗ್ಗಿ, ಬ್ಯಾಟರಿ ಖಾಲಿಯಾಗುತ್ತದೆಯೇ ಹೊರತು ವೇಗ ಅಷ್ಟಾಗಿ ಏರದು. 2 ಆಂಪಿಯರ್ ಎಳೆಯುವ ಮೋಟಾರಿಗೆ ಮೇಲೆ ಹೇಳಿದ ಬ್ಯಾಟರಿ ಕಾಗದದ ಲೆಕ್ಕದಲ್ಲಿ ಎರಡು ಗಂಟೆ ದಾಟುತ್ತದೆ. ಆದರೂ ಒಂದು ಗಂಟೆಯೊಳಗೆ ದಡಕ್ಕೆ ತರುವುದು ಜಾಣತನ.

ನೀರು ಒಳಗೆ ಬರದಂತೆ

ಕರಾವಳಿಯಲ್ಲಿ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ರೂಢಿ ಹಳೆಯದು. ಗೇರು ಸಂಶೋಧನಾ ನಿರ್ದೇಶನಾಲಯವೇ ಇರುವ ಪುತ್ತೂರಿನವರಿಗೆ ಈ ಎಣ್ಣೆ ಹೊಸದಲ್ಲ, ಅದು ಚರ್ಮ ಸುಡುವುದೂ ಗೊತ್ತು. ಮಾದರಿ ದೋಣಿಗೆ ಒಳಗೂ ಹೊರಗೂ ಎಪಾಕ್ಸಿ ಹಚ್ಚುವುದು ಸುಲಭ. ಫ್ಯಾನಿನ ದಂಡ ಹೊರಬರುವ ಕೊಳವೆಗೆ ಗ್ರೀಸ್ ತುಂಬಿ, ಅದರ ಒಳತುದಿ ನೀರಿನ ಗೆರೆಗಿಂತ ಮೇಲಿರುವಂತೆ ಓರೆಯಾಗಿ ಕೂರಿಸಿ. ಬ್ಯಾಟರಿಯ ತಂತಿಗೆ ಫ್ಯೂಸ್ ಇರಲಿ. ಚಾರ್ಜ್ ಮಾಡುವಾಗ ಬ್ಯಾಟರಿಯನ್ನು ಹೊರತೆಗೆಯಿರಿ. ಅದರಿಂದ ಹೊಮ್ಮಬಹುದಾದ ಹೈಡ್ರೋಜನ್ ಮುಚ್ಚಿದ ಜಾಗದಲ್ಲಿ ಅಪಾಯ.

ನಂಬಿಕೆ 3: ರಿಮೋಟ್ ಬಳಸಲು ಲೈಸೆನ್ಸ್ ಬೇಕು

ವಾಸ್ತವ: ನಿಕೋಲಾ ಟೆಸ್ಲಾ 1898ರಲ್ಲೇ ನ್ಯೂಯಾರ್ಕಿನಲ್ಲಿ ರೇಡಿಯೊ ಅಲೆಗಳಿಂದ ಪುಟ್ಟ ದೋಣಿ ಓಡಿಸಿ ತೋರಿಸಿದರು. ಇಂದಿನ ಆಟಿಕೆ ರಿಮೋಟ್‌ಗಳು ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಭಾರತದಲ್ಲಿ, ನಿಗದಿತ ಶಕ್ತಿಯ ಮಿತಿಯೊಳಗೆ, ಪರವಾನಗಿ ಬೇಡ. ಈ ತರಂಗವನ್ನು ನೀರು ಹೀರಿಕೊಳ್ಳುತ್ತದೆ. ಹಾಗಾಗಿ ರಿಸೀವರಿನ ಆಂಟೆನಾ ನೀರಿನ ಗೆರೆಗಿಂತ ಮೇಲಿರಬೇಕು. ರಿಮೋಟನ್ನು ಮೊದಲು ಆನ್ ಮಾಡಿ, ಕೊನೆಗೆ ಆಫ್ ಮಾಡಿ. ಸಿಗ್ನಲ್ ತಪ್ಪಿದರೆ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ.

ಎಲ್ಲಿ ಬಿಡಬೇಕು, ಹೇಗೆ ಮರಳಿ ತರಬೇಕು

ಸುಳ್ಯದ ಪಯಸ್ವಿನಿಯಾಗಲಿ, ಕಡಬದ ಕಡೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಕುಮಾರಧಾರಾ ಆಗಲಿ, ಮಳೆಗಾಲದಲ್ಲಿ ನಡೆಯುವ ವೇಗದ ದೋಣಿಗೆ ಹೇಳಿದ ಜಾಗವಲ್ಲ. ಹರಿವು ಅದಕ್ಕಿಂತ ವೇಗವಾಗಿರುತ್ತದೆ. ನಿಂತ ನೀರೇ ಸರಿ.

ಆದರೆ ಅಡಿಕೆ ತೋಟದ ಕೆರೆಯೂ ಆಟದ ಜಾಗವಲ್ಲ. ಮುರಕಲ್ಲು ಕಡಿದು ಮಾಡಿದ ಕೆರೆಗೆ ಇಳಿಜಾರು ದಡವಿಲ್ಲ, ಕಾಲಿಟ್ಟ ಕೂಡಲೇ ಆಳ. ಪ್ಲಾಸ್ಟಿಕ್ ಹಾಸಿದ ಟ್ಯಾಂಕಿನ ಬದಿ ಜಾರುವುದರಿಂದ ಈಜು ಬಲ್ಲವರಿಗೂ ಮೇಲೆ ಹತ್ತುವುದು ಕಷ್ಟ. ಮೊದಲ ಓಟಕ್ಕೆ ದೋಣಿಯ ಹಿಂಭಾಗಕ್ಕೆ, ಫ್ಯಾನಿಗೆ ಸುತ್ತಿಕೊಳ್ಳದಂತೆ, ತೆಳು ನೈಲಾನ್ ದಾರ ಕಟ್ಟಿ. ನಡುವೆ ನಿಂತರೆ ಟೆನಿಸ್ ಚೆಂಡಿಗೆ ದಾರ ಕಟ್ಟಿ ದೋಣಿಯ ಆಚೆ ಎಸೆದು ಎಳೆಯಿರಿ, ಇಲ್ಲವೇ ಗಾಳಿ ದಡಕ್ಕೆ ತರುವವರೆಗೆ ಕಾಯಿರಿ. ಅಡಿಕೆ ಕೊಯ್ಯುವ ದೋಟಿ ಚಾಚುವುದಾದರೆ ಮೇಲೆ ವಿದ್ಯುತ್ ತಂತಿ ಇಲ್ಲವೆಂದು ನೋಡಿಕೊಳ್ಳಿ. ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ.

ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು. ದೋಣಿ ಮುಳುಗಿದರೆ ಇನ್ನೊಂದು ಮಾಡಬಹುದು. ಅದನ್ನು ತರಲು ಯಾರೂ ನೀರಿಗೆ ಇಳಿಯಬಾರದು.