ಪ್ಲೇಗಿನ ವಂಶಾವಳಿ

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಳೆಯ ಮನೆತನಗಳಲ್ಲಿ 'ಪ್ಲೇಗಿನ ವರ್ಷ' ಎಂಬ ಮಾತನ್ನು ನೀವು ಕೇಳಿರಬಹುದು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಕದಕ್ಕೆ ಕೀಲಿ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದ ಕಾಲವದು. ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗಡ್ಡೆ ಎದ್ದವರಲ್ಲಿ ಬಹಳಷ್ಟು ಜನ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಿದ್ದರು. ಕೆಲವರು ಅದನ್ನು ಮಾರಿಯ ಮುನಿಸೆಂದರು, ಕೆಲವರು ಕೆಟ್ಟ ಗಾಳಿಯೆಂದರು. ಆ ಬೇನೆ ಬಂದುದಾದರೂ ಎಲ್ಲಿಂದ? ಈ ಪ್ರಶ್ನೆಗೆ ಈಗ ರೋಗಾಣುವೇ ಸಾಕ್ಷಿ ನುಡಿದಿದೆ.

ಮೊದಲು ಇತಿಹಾಸದ ಮಾತು. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿದಾಗ ಯೆರ್ಸಿನ್ ಎಂಬ ವೈದ್ಯನು ಅದರ ರೋಗಾಣುವನ್ನು ಕಂಡುಹಿಡಿದನು. ೧೮೯೬ರಲ್ಲಿ ಬೇನೆಯು ಮುಂಬಯಿ ಬಂದರದಲ್ಲಿ ಕಾಣಿಸಿಕೊಂಡಿತು. ೧೮೯೮ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಹಾಫ್‌ಕಿನ್ ಎಂಬ ವಿಜ್ಞಾನಿಯು ಸಿದ್ಧಪಡಿಸಿದ ಲಸಿಕೆಯನ್ನು ಅಲ್ಲಿ ೩೦,೦೦೦ಕ್ಕೂ ಮಿಕ್ಕಿ ಜನ ಚುಚ್ಚಿಸಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ, ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದವರೊಡನೆ ಅದು ಬೆಂಗಳೂರನ್ನೂ ಹೊಕ್ಕಿತು. ಆಗ ಶಿಗ್ಗಾಂವಿಯು ಬಂಕಾಪುರ ತಾಲೂಕಿನ, ಹಿರೇಕೆರೂರು ಕೋಡ ತಾಲೂಕಿನ ಮುಖ್ಯ ಸ್ಥಳ. ಸವಣೂರು ನವಾಬರ ಸಂಸ್ಥಾನ. ಆದರೆ ಕಾಳಿನ ಚೀಲದೊಡನೆ ಬಂಡಿ ಏರಿದ ಇಲಿಗೆ, ಇಲಿಯ ಮೈಮೇಲಿನ ಚಿಗಟಕ್ಕೆ, ಗಡಿಯ ಹಂಗೆಲ್ಲಿಯದು? ಆ ಚಿಗಟವೇ ರೋಗವಾಹಕವೆಂಬುದನ್ನು ಫ್ರಾನ್ಸಿನ ವೈದ್ಯ ಸೀಮೋಂ ೧೮೯೮ರಲ್ಲಿ ತೋರಿಸಿದನು.

ಇನ್ನು ರೋಗಾಣುವಿನ ಸಾಕ್ಷ್ಯ. ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸುವ ಕ್ರಮವನ್ನು ನೆನೆಯಿರಿ. ಲಿಪಿಕಾರನೊಬ್ಬನು ಒಂದಕ್ಷರ ತಪ್ಪಿದರೆ, ಆ ಪ್ರತಿಯನ್ನು ನೋಡಿ ಬರೆದವರ ಪ್ರತಿಗಳಲ್ಲಿಯೂ ಆ ತಪ್ಪು ಇಳಿದುಬರುತ್ತದೆ. ಅಂಥ ಪಾಠಭೇದಗಳನ್ನು ಹಿಡಿದು ಯಾವ ಪ್ರತಿ ಯಾವ ಶಾಖೆಯದೆಂದು ಪಂಡಿತರು ನಿರ್ಣಯಿಸುತ್ತಾರೆ. ಪ್ಲೇಗಿನ ರೋಗಾಣುವಿನೊಳಗೂ ಸುಮಾರು ೪೬ ಲಕ್ಷ ಅಕ್ಷರಗಳ ಒಂದು ಆನುವಂಶಿಕ ಬರಹವುಂಟು. ಒಂದು ಎರಡಾಗುವಾಗ ಎಂದೋ ಒಮ್ಮೆ ಅಕ್ಷರ ಪಲ್ಲಟವಾಗುತ್ತದೆ. ಸಂತತಿಯು ಅದನ್ನೇ ಹೊತ್ತು ಸಾಗುತ್ತದೆ. ೨೦೧೦ರಲ್ಲಿ ವಿಜ್ಞಾನಿಗಳು ನಾನಾ ದೇಶಗಳ ೨೮೬ ಮಾದರಿಗಳನ್ನು ಹೋಲಿಸಿ ನೋಡಿದರು. ಮೂಲವು ಚೀನ ಅಥವಾ ಅದರ ಆಸುಪಾಸು ಎಂದು ಕಂಡಿತು. ೧೮೯೪ರ ಬಳಿಕ ಹಡಗು ಹತ್ತಿದ ಒಂದೇ ಶಾಖೆಯು ಭಾರತ, ಮಡಗಾಸ್ಕರ್, ಅಮೆರಿಕಗಳಿಗೆ ಹರಡಿತ್ತು. ನಮ್ಮ ಹಿರಿಯರನ್ನು ಗುಡಿಸಲಿಗೆ ಅಟ್ಟಿದ ಬೇನೆಯೂ ೧೯೦೦ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋವನ್ನು ನಡುಗಿಸಿದ ಬೇನೆಯೂ ದಾಯಾದಿಗಳು!

ಆದುದರಿಂದ ಅದು ಯಾವ ಊರಿನ ಪಾಪದ ಫಲವೂ ಅಲ್ಲ, ಯಾವ ಮನೆಯ ಶಾಪವೂ ಅಲ್ಲ. ವ್ಯಾಪಾರದ ದಾರಿ ಹಿಡಿದು ಬಂದ ಪರದೇಶಿ. ಊರು ಬಿಟ್ಟ ಹಿರಿಯರ ನಡೆಯೂ ಮೌಢ್ಯವಲ್ಲ. ಇಲಿ ಸತ್ತ ಮನೆಯಲ್ಲಿ ಹಸಿದ ಚಿಗಟಗಳು ಉಳಿದಿರುತ್ತಿದ್ದವು.

ಈ ವಂಶ ಇನ್ನೂ ಅಳಿದಿಲ್ಲ. ೨೦೧೭ರಲ್ಲಿ ಮಡಗಾಸ್ಕರಿನಲ್ಲಿ ಅದು ಮತ್ತೆ ತಲೆಯೆತ್ತಿತು. ಬೇಗ ಗುರುತಿಸಿದರೆ ಇಂದು ಅದಕ್ಕೆ ಔಷಧವುಂಟು. ಆದರೂ ಹಿರಿಯರ ಎಚ್ಚರವನ್ನು ನಾವು ಬಿಡಬಾರದು. ಇಲಿಗಳು ಕಾರಣ ತಿಳಿಯದೆ ಸಾಲಾಗಿ ಸತ್ತು ಬಿದ್ದರೆ, ಬರಿಗೈಯಿಂದ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.