ಭಾರೀ ಮಳೆಯ ಉಪಗ್ರಹ ವೀಕ್ಷಣೆ
ಕಕ್ಷೆಯಲ್ಲಿರುವ ಉಪಕರಣಗಳಿಂದ ಮಳೆಯ ತೀವ್ರತೆಯನ್ನು ಅಂದಾಜಿಸುವ ವಿಧಾನ. ಭೂಸ್ಥಿರ ಕಕ್ಷೆಯ ಇನ್ಸಾಟ್-3ಡಿಆರ್ (2016), ಇನ್ಸಾಟ್-3ಡಿಎಸ್ (2024) ಅವಕೆಂಪು ಕಿರಣಗಳ ಮೂಲಕ ಮೋಡದ ನೆತ್ತಿಯ ತಾಪವನ್ನು ಅಳೆಯುತ್ತವೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರದ್ದು, ಮಳೆ ಜೋರಿನದು ಎಂಬುದು ಲೆಕ್ಕ. ಪಶ್ಚಿಮಘಟ್ಟದಲ್ಲಿ ಈ ಲೆಕ್ಕ ಎಡವುತ್ತದೆ. ಅರಬ್ಬೀ ಸಮುದ್ರದ ತೇವಗಾಳಿ ಬೆಟ್ಟವೇರುವಾಗ ಹುಟ್ಟುವ ಗಿಡ್ಡ, ಬೆಚ್ಚನೆಯ ಮೋಡಗಳೂ ಅಲ್ಲಿ ಧಾರಾಕಾರ ಸುರಿಯುವುದರಿಂದ ಉಪಗ್ರಹದ ಅಂಕಿ ನಿಜಕ್ಕಿಂತ ಕಡಿಮೆ ಬರುವುದುಂಟು. ಮೋಡದೊಳಗಿನ ನೀರು, ಹಿಮಕಣಗಳನ್ನೇ ಗ್ರಹಿಸುವ ಸೂಕ್ಷ್ಮತರಂಗ ಉಪಕರಣ ಹೆಚ್ಚು ನಂಬಲರ್ಹ. ಭಾರತ-ಫ್ರಾನ್ಸ್ ಜಂಟಿಯಾಗಿ ಹಾರಿಸಿದ, 2023ರವರೆಗೆ ಕಕ್ಷೆಯಲ್ಲಿದ್ದ ಮೇಘಾ-ಟ್ರಾಪಿಕ್ಸ್ (2011), ಅಮೆರಿಕ-ಜಪಾನ್‌ಗಳ ರೇಡಾರ್ ಹೊತ್ತ ಜಿಪಿಎಂ (2014) ಈ ಬಗೆಯವು. ಆದರೆ ಇಂಥ ಉಪಗ್ರಹಗಳು ಒಂದೇ ಜಾಗದ ಮೇಲೆ ನಿಲ್ಲಲಾರವು. ಎರಡು ಹಾಯುವಿಕೆಗಳ ನಡುವೆ ಮಳೆ ಸುರಿದು ಹೋಗಿರಬಹುದು. ಹಾಗಾಗಿ ಪಶ್ಚಿಮಘಟ್ಟದ ಆಗುಂಬೆಯಂಥ ಕಡೆ ನೆಲದ ಮಳೆಮಾಪಕ ಇಂದಿಗೂ ಅನಿವಾರ್ಯ.